ಇಂದಿನ ಧಮ್ಮ ಚಿಂತನೆ: ಜಗತ್ತಿಗೆ ಆರಂಭವಿದೆಯೇ?



ಕಳೆದ ವಾರ ನಮ್ಮ ಬಳಗಕ್ಕೆ ಎರಡು ಫಾರ್ವರ್ಡ್‌ಗಳು ಬಂದವು. ಬಿಗ್ ಬ್ಯಾಂಗ್ ಸಿದ್ಧಾಂತವನ್ನು ಬುದ್ಧರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದರು ಎಂದು ಒಂದರಲ್ಲಿತ್ತು. ಎರಡು ದಿನ ಬಿಟ್ಟು ಬಂದ ಇನ್ನೊಂದರಲ್ಲಿ, ಬೌದ್ಧ ಧಮ್ಮದ ಪ್ರಕಾರ ಜಗತ್ತಿಗೆ ಹುಟ್ಟೇ ಇಲ್ಲ, ಅದು ಸದಾ ಇರುವಂಥದ್ದು ಎಂದಿತ್ತು. ಎರಡರ ಕೆಳಗೂ ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ಹುಟ್ಟಿದ್ದು ಮತ್ತು ಹುಟ್ಟೇ ಇಲ್ಲದ್ದು ಎರಡೂ ಒಂದೇ ಆಗಲಾರವಲ್ಲ! ಹಾಗಾಗಿ ಇವತ್ತು ಇದನ್ನೇ ಎತ್ತಿಕೊಂಡಿದ್ದೇನೆ. ಸ್ವಲ್ಪ ಉದ್ದವಾಗಿದೆ, ರಾತ್ರಿ ಊಟವಾದ ಮೇಲೆ ಓದಿದರೂ ನಡೆದೀತು.

ನೇರವಾಗಿ ಹೇಳುವುದಾದರೆ ತಥಾಗತರು ಈ ಎರಡನ್ನೂ ಹೇಳಲಿಲ್ಲ. ಲೋಕ ಶಾಶ್ವತ ಎನ್ನಲಿಲ್ಲ, ಶಾಶ್ವತವಲ್ಲ ಎಂದೂ ಎನ್ನಲಿಲ್ಲ. ಎಲ್ಲವೂ ಅನಿತ್ಯ ಎಂದ ಮೇಲೆ ಲೋಕ ಶಾಶ್ವತವಲ್ಲ ಎಂದೇ ಆಯಿತಲ್ಲ ಎಂದು ಕೆಲವರು ಕೇಳಬಹುದು. ಕಾರಣಗಳಿಂದ ಆದ ಪ್ರತಿಯೊಂದೂ ಬದಲಾಗುತ್ತದೆ, ಅಳಿಯುತ್ತದೆ ಎನ್ನುವುದು ಅನಿತ್ಯದ ಮಾತು. ಆ ಕಾರಣಗಳ ಸರಪಳಿಗೆ ಮೊದಲನೆಯ ಕೊಂಡಿ ಒಂದಿತ್ತೇ ಎಂಬುದು ಬೇರೆ ಪ್ರಶ್ನೆ. ಅದನ್ನು ಅವರು ವಿವರಿಸದೆ ಬದಿಗಿಟ್ಟರು. ಹಾಗೆ ಬದಿಗಿಟ್ಟ ಪ್ರಶ್ನೆಗಳಿಗೆ ಪಾಲಿಯಲ್ಲಿ 'ಅವ್ಯಾಕತ' ಎನ್ನುತ್ತಾರೆ.

ಏಕೆ ಬದಿಗಿಟ್ಟರು ಎಂಬುದು ಮಜ್ಝಿಮ ನಿಕಾಯದ 63ನೇ ಸುತ್ತದಲ್ಲಿದೆ. ಬಾಣದ ಉಪಮೆಯನ್ನು ನಮ್ಮಲ್ಲಿ ಬಹಳ ಜನ ಕೇಳಿದ್ದೀರಿ, ಆದರೂ ಒಮ್ಮೆ ನಿಧಾನವಾಗಿ ನೋಡೋಣ. ಶ್ರಾವಸ್ತಿಯ ಜೇತವನದಲ್ಲಿ ಮಾಲುಂಕ್ಯಪುತ್ತ ಎಂಬ ಭಿಕ್ಷು ಒಬ್ಬನೇ ಕೂತು ಯೋಚಿಸುತ್ತಾನೆ. ಲೋಕ ಶಾಶ್ವತವೋ ಅಲ್ಲವೋ, ಅದಕ್ಕೆ ಕೊನೆ ಉಂಟೋ ಇಲ್ಲವೋ, ಜೀವ ಶರೀರ ಒಂದೋ ಬೇರೆಯೋ, ಸತ್ತ ಮೇಲೆ ತಥಾಗತ ಇರುತ್ತಾನೋ ಇಲ್ಲವೋ, ಇದ್ಯಾವುದನ್ನೂ ಭಗವಾನರು ನನಗೆ ಹೇಳಿಲ್ಲ. ಇವತ್ತು ಕೇಳಿಯೇ ಬಿಡುತ್ತೇನೆ. ಹೇಳಿದರೆ ಇರುತ್ತೇನೆ, ಇಲ್ಲವಾದರೆ ಸಂಘ ಬಿಟ್ಟು ಹೋಗುತ್ತೇನೆ. ಹೋಗಿ ಹಾಗೆಯೇ ಕೇಳುತ್ತಾನೆ. ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ನೇರವಾಗಿ ಒಪ್ಪಿಕೊಳ್ಳಿ ಎಂದೂ ಸೇರಿಸುತ್ತಾನೆ. ಗುರುವಿನ ಮುಂದೆ ಹೀಗೆ ಮಾತಾಡುವ ಸಲುಗೆ ಆ ಸಂಘದಲ್ಲಿ ಇತ್ತು ಎನ್ನುವುದೇ ಒಬ್ಬ ಮೇಷ್ಟ್ರಾಗಿ ನನಗೆ ಸಂತೋಷ ಕೊಡುವ ಸಂಗತಿ.

ಬಾ, ಇವನ್ನೆಲ್ಲ ತಿಳಿಸಿಕೊಡುತ್ತೇನೆ ಎಂದು ನಾನೇನಾದರೂ ನಿನ್ನನ್ನು ಕರೆದಿದ್ದೆನೇ ಎಂದು ಬುದ್ಧರು ಕೇಳುತ್ತಾರೆ. ಇಲ್ಲ. ಆಮೇಲೆ ಬಾಣದ ಮಾತು. ಒಬ್ಬನಿಗೆ ವಿಷ ಹಚ್ಚಿದ ಬಾಣ ನೆಟ್ಟಿದೆ. ನೆಂಟರಿಷ್ಟರು ವೈದ್ಯನನ್ನು ಕರೆತಂದಿದ್ದಾರೆ. ಇವನು ಬಾಣ ಕೀಳಲು ಬಿಡುವುದಿಲ್ಲ, ಹೊಡೆದವನು ಯಾರೆಂದು ಮೊದಲು ತಿಳಿಯಬೇಕು ಎನ್ನುತ್ತಾನೆ. ಆ ಪ್ರಶ್ನೆಗಳ ಪಟ್ಟಿಯಲ್ಲಿ ಮೊದಲನೆಯದು ಏನು ಗೊತ್ತೇ? ಹೊಡೆದವನು ಕ್ಷತ್ರಿಯನೋ, ಬ್ರಾಹ್ಮಣನೋ, ವೈಶ್ಯನೋ, ಶೂದ್ರನೋ. ವಿಷ ಏರುತ್ತಿದೆ, ಇವನಿಗೆ ಜಾತಿ ಬೇಕು! ಹೆಸರು, ಬಣ್ಣ, ಊರು, ಬಿಲ್ಲಿನ ಹೆದೆ ಯಾತರದ್ದು, ಬಾಣದ ಗರಿ ರಣಹದ್ದಿನದೋ ನವಿಲಿನದೋ ಎಂಬುದೆಲ್ಲ ಆಮೇಲೆ. ಇಷ್ಟು ತಿಳಿಯುವಷ್ಟರಲ್ಲಿ ಅವನು ಸತ್ತೇಹೋಗುತ್ತಾನೆ. ಲೋಕ ಶಾಶ್ವತ ಎಂದಾದರೂ, ಅಲ್ಲ ಎಂದಾದರೂ ಮುಪ್ಪು, ಸಾವು, ದುಃಖ, ಸಂಕಟ ಇದ್ದೇ ಇವೆ. ಅವುಗಳ ನಿವಾರಣೆಯನ್ನು ನಾನು ಇಲ್ಲಿಯೇ ಹೇಳುತ್ತಿದ್ದೇನೆ ಎಂಬುದು ಬುದ್ಧರ ಉತ್ತರ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮ್ಯಾನ್‌ಹೋಲಿಗೆ ಇಳಿದು ಉಸಿರುಗಟ್ಟಿ ತೀರಿಕೊಂಡಾಗ ಆ ಮನೆಗೆ ಹೋಗಿದ್ದೆ. ಬಂದವರಲ್ಲಿ ಕೆಲವರು ಸಮಾಧಾನದ ಮಾತಾಡುತ್ತಿದ್ದರು. ಎಲ್ಲಾ ಅವನ ಆಟ, ಮೇಲಿನವನು ಸೃಷ್ಟಿಸಿದಾಗಲೇ ಹಣೆಯಲ್ಲಿ ಬರೆದಿರುತ್ತಾನೆ ಎನ್ನುತ್ತಿದ್ದರು. ಆ ತಾಯಿ ಅಳುವುದನ್ನು ನಿಲ್ಲಿಸಿ ಒಂದೇ ಮಾತು ಕೇಳಿದರು: "ಮೂಗಿಗೆ ಕಟ್ಟಿಕೊಳ್ಳೋ ಮಾಸ್ಕು, ಸೊಂಟಕ್ಕೆ ಹಗ್ಗ ಯಾಕೆ ಕೊಡಲಿಲ್ಲ ಸಾರ್?" ರಕ್ಷಣಾ ಸಲಕರಣೆ ಇಲ್ಲದೆ ಅಂಥ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಇಳಿಸಿದ ಗುತ್ತಿಗೆದಾರನಿಗೂ ಅದು ಗೊತ್ತಿರಲೇಬೇಕು. ಸುತ್ತ ಓದದ ಆ ತಾಯಿ ಕೇಳಿದ್ದು ವೈದ್ಯನ ಪ್ರಶ್ನೆ. ಸಮಾಧಾನ ಹೇಳಲು ಬಂದವರು ಸೃಷ್ಟಿಯ ಕಾಲಕ್ಕೆ ಹೋಗಿ ಕೂತಿದ್ದರು.

ಆದರೆ ಬಾಣದ ಉಪಮೆಯನ್ನು ಹಿಡಿದುಕೊಂಡು 'ಬುದ್ಧರು ಇಂಥದ್ದನ್ನೆಲ್ಲ ಕೇಳಬಾರದು ಎಂದಿದ್ದಾರೆ' ಎಂದು ಮಕ್ಕಳ ಬಾಯಿ ಮುಚ್ಚಿಸುವವರನ್ನೂ ನೋಡಿದ್ದೇನೆ. ಅದನ್ನು ನಾನು ಒಪ್ಪುವುದಿಲ್ಲ. ಮಾಲುಂಕ್ಯಪುತ್ತನ ತಪ್ಪು ಕೇಳಿದ್ದರಲ್ಲಿ ಇಲ್ಲ. ಉತ್ತರ ಸಿಗುವವರೆಗೆ ಬಾಣ ಕೀಳಬೇಡಿ ಎಂದ ಹಾಗೆ, ಇದನ್ನು ತಿಳಿಸದಿದ್ದರೆ ಧಮ್ಮದ ದಾರಿಯೇ ಬೇಡ ಎಂದು ಷರತ್ತು ಹಾಕಿದನಲ್ಲ, ಅದರಲ್ಲಿದೆ.

ಇನ್ನು ಎರಡನೆಯ ಫಾರ್ವರ್ಡ್‌ನ ಮಾತು. ಜಗತ್ತಿಗೆ ಆದಿಯೇ ಇಲ್ಲ ಎನ್ನುವವರು ಸಾಮಾನ್ಯವಾಗಿ ಸಂಯುತ್ತ ನಿಕಾಯದ 15ನೇ ಅಧ್ಯಾಯವನ್ನು, ಅಂದರೆ ಅನಮತಗ್ಗ ಸಂಯುತ್ತವನ್ನು ಆಧಾರವಾಗಿ ಕೊಡುತ್ತಾರೆ. ಅಲ್ಲಿನ ಮಾತನ್ನು ಸರಿಯಾಗಿ ನೋಡಬೇಕು. ಆರಂಭ ಇಲ್ಲ ಎಂದು ಅಲ್ಲಿಲ್ಲ. ಆರಂಭದ ತುದಿ ಕಾಣಬರುವುದಿಲ್ಲ ಎಂದಿದೆ. ಇಲ್ಲ ಎನ್ನುವುದಕ್ಕೂ ಕಾಣುವುದಿಲ್ಲ ಎನ್ನುವುದಕ್ಕೂ ಎಷ್ಟು ಅಂತರ ಎಂಬುದನ್ನು ಹಳ್ಳಿಯ ಆಳದ ಬಾವಿಯಲ್ಲಿ ಬಗ್ಗಿ ನೋಡಿದವರಿಗೆ ಹೇಳಬೇಕಾಗಿಲ್ಲ. ಅಲ್ಲೇ ಎರಡು ಹೆಜ್ಜೆ ಮುಂದೆ ಬುದ್ಧರು ಭಿಕ್ಷುಗಳಿಗೆ ಒಂದು ಪ್ರಶ್ನೆ ಹಾಕುತ್ತಾರೆ. ಈ ದೀರ್ಘ ಪಯಣದಲ್ಲಿ ಬೇಡವಾದದ್ದು ಬಂದು, ಬೇಕಾದದ್ದು ಅಗಲಿ ನೀವು ಸುರಿಸಿದ ಕಣ್ಣೀರು ಹೆಚ್ಚೋ, ನಾಲ್ಕು ಮಹಾಸಾಗರಗಳ ನೀರು ಹೆಚ್ಚೋ? ಕಾಲದ ಉದ್ದವನ್ನು ಅವರು ಕಣ್ಣೀರಿನಲ್ಲಿ ಅಳೆಯುತ್ತಾರೆ. ಒಂದೇ ಆತ್ಮ ಮೈಯಿಂದ ಮೈಗೆ ದಾಟುತ್ತದೆ ಎಂಬ ಅರ್ಥದಲ್ಲಿ ಇದನ್ನು ಓದಬಾರದೆಂಬುದನ್ನು ಬಾಬಾಸಾಹೇಬರು ಬಿಡಿಸಿ ಹೇಳಿದ್ದಾರೆ, ಅದನ್ನು ಇನ್ನೊಂದು ದಿನ ನೋಡೋಣ.

ಕನ್ನಡ ಪಾಠ ಮಾಡುವವನಾಗಿ ಎರಡು ಪದಗಳ ಬಗ್ಗೆ ಇಲ್ಲಿ ಹೇಳಲೇಬೇಕು: ಆದಿ ಮತ್ತು ಅನಾದಿ. ನಮ್ಮ ಹಿರಿಯರನ್ನು ಕಟ್ಟಿಹಾಕಲು ಈ ಎರಡೂ ಹಗ್ಗಗಳಾಗಿದ್ದವು.

ಆದಿಯ ಹಗ್ಗ ಋಗ್ವೇದದ ಹತ್ತನೆಯ ಮಂಡಲದ ಪುರುಷಸೂಕ್ತ. ಸೃಷ್ಟಿಯ ಕಾಲದಲ್ಲಿ ಪುರುಷನ ಬಾಯಿಂದ, ತೋಳಿನಿಂದ, ತೊಡೆಯಿಂದ, ಪಾದದಿಂದ ನಾಲ್ಕು ವರ್ಣಗಳಾದವು ಎಂಬ ಕಥೆ. ನಮಗೆ ಆ ಪಾದದಲ್ಲೂ ಜಾಗವಿರಲಿಲ್ಲ ಎನ್ನುವುದು ಬೇರೆ ಮಾತು. 1946ರಲ್ಲಿ ಬಂದ 'ಶೂದ್ರರು ಯಾರು?' ಕೃತಿಯಲ್ಲಿ ಬಾಬಾಸಾಹೇಬರು ವಿಚಾರ ಶುರುಮಾಡುವುದೇ ಈ ಸೂಕ್ತದಿಂದ. ಜಗತ್ತು ಹೇಗೆ ಹುಟ್ಟಿತು ಎಂಬ ಕಥೆ ಎಲ್ಲ ಜನಾಂಗಗಳಲ್ಲೂ ಇದೆ. ಮೇಲುಕೀಳನ್ನೇ ಸೃಷ್ಟಿಯ ಭಾಗ ಮಾಡಿದ್ದು ಈ ಕಥೆಯ ವಿಶೇಷ. ಅದೇ ಮಂಡಲದಲ್ಲಿ ನಾಸದೀಯ ಸೂಕ್ತ ಎಂಬ ಇನ್ನೊಂದು ಸೂಕ್ತವೂ ಇದೆ. ಇದೆಲ್ಲ ಎಲ್ಲಿಂದ ಬಂತೆಂದು ಯಾರಿಗೆ ಗೊತ್ತು, ಮೇಲಿರುವವನಿಗಾದರೂ ಗೊತ್ತೋ ಇಲ್ಲವೋ ಎಂಬ ಸಂದೇಹದಲ್ಲಿ ಅದು ಮುಗಿಯುತ್ತದೆ. ಒಳ್ಳೆಯ ಸಂದೇಹವೇ. ಆದರೆ ಊರಿನ ಬಾವಿಕಟ್ಟೆಗೆ ಕಾನೂನಾಗಿ ಬಂದದ್ದು ಸಂದೇಹದ ಸೂಕ್ತವಲ್ಲ.

ಅನಾದಿಯ ಹಗ್ಗಕ್ಕೆ ಯಾವ ಗ್ರಂಥವೂ ಬೇಕಾಗಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮೂರ ಹೋಟೆಲಿನಲ್ಲಿ ನಮ್ಮವರಿಗೆ ಬೇರೆ ಲೋಟ, ಗೋಡೆಯ ಹೊರಗಿನ ಗೂಡಿನಲ್ಲಿ ಇಟ್ಟಿರುತ್ತಿದ್ದರು. ಅಪ್ಪ ಯಾಕೆ ಎಂದು ಕೇಳಿದ್ದಕ್ಕೆ ಬಂದ ಉತ್ತರ: "ಅನಾದಿ ಕಾಲದಿಂದ ಹೀಗೇ ನಡಕೊಂಡು ಬಂದದೆ ಕಣೋ, ನಾನೇನು ಮಾಡ್ಲಿ?" ಆ ಹೋಟೆಲಿನ ವಯಸ್ಸು ಆಗ ಹದಿನೈದು ವರ್ಷ ಇದ್ದೀತು! ಹದಿನೈದು ವರ್ಷದ ಅಂಗಡಿಗೆ ಅನಾದಿ ಕಾಲದ ಪದ್ಧತಿ. ಸನಾತನ ಎಂಬ ಪದದ ಅರ್ಥವೂ ಅದೇ ತಾನೆ, ಎಂದೆಂದಿಗೂ ಇರುವಂಥದ್ದು.

ಜಗತ್ತಿಗೆ ಆರಂಭವಿದೆ ಎಂದರೆ ನೀನು ಆಗಲೇ ಕೀಳಾಗಿ ಹುಟ್ಟಿದೆ ಎನ್ನುತ್ತಾರೆ. ಆರಂಭವಿಲ್ಲ ಎಂದರೆ ಇದು ಯಾವಾಗಲೂ ಹೀಗೇ ಇತ್ತು, ಬದಲಾಗದು ಎನ್ನುತ್ತಾರೆ. ತಥಾಗತರು ಎರಡರಲ್ಲಿ ಯಾವುದಕ್ಕೂ ಕೈ ಚಾಚಲಿಲ್ಲ ಎಂಬುದರ ಬೆಲೆ ಈ ಎರಡು ಹಗ್ಗಗಳ ಗಾಯ ಇರುವ ನಮಗೆ ತಿಳಿಯಬೇಕು. ಪಂಡಿತರಿಗೆ ಇದೊಂದು ತತ್ವಶಾಸ್ತ್ರದ ಸಮಸ್ಯೆ, ಅಷ್ಟೆ.

ಹಾಗಾದರೆ ಹುಟ್ಟಿನ ಕಥೆ ಹೇಳಿ ಮನುಷ್ಯರನ್ನು ತುಳಿಯುವಾಗಲೂ ಬುದ್ಧರು ಸುಮ್ಮನಿದ್ದರೇ? ಇಲ್ಲ. ದೀಘ ನಿಕಾಯದ 27ನೆಯದು ಅಗ್ಗಞ್ಞ ಸುತ್ತ. ವಾಸೆಟ್ಠ, ಭಾರದ್ವಾಜ ಎಂಬಿಬ್ಬರು ಬ್ರಾಹ್ಮಣ ಕುಲದಿಂದ ಬಂದು ಸಂಘದಲ್ಲಿದ್ದಾರೆ. ನಿಮ್ಮವರು ನಿಮ್ಮನ್ನು ಬಯ್ಯುತ್ತಿಲ್ಲವೇ ಎಂದು ಬುದ್ಧರು ವಿಚಾರಿಸುತ್ತಾರೆ. ಬಯ್ಯುತ್ತಾರೆ ಭಂತೆ, ಬಾಯಿ ತುಂಬ ಬಯ್ಯುತ್ತಾರೆ. ಬ್ರಾಹ್ಮಣರೇ ಶ್ರೇಷ್ಠರು, ನಾವು ಬ್ರಹ್ಮನ ಬಾಯಿಂದ ಹುಟ್ಟಿದವರು, ನೀವು ಅಂಥ ಕುಲ ಬಿಟ್ಟು ಬ್ರಹ್ಮನ ಪಾದದಿಂದ ಹುಟ್ಟಿದವರ ಜೊತೆ ಸೇರಿದಿರಿ ಎನ್ನುತ್ತಾರೆ. ಇದಕ್ಕೆ ಬುದ್ಧರು ಕೊಡುವ ಉತ್ತರದಲ್ಲಿ ಆಕಾಶ, ನಕ್ಷತ್ರ ಯಾವುದೂ ಇಲ್ಲ. ಬ್ರಾಹ್ಮಣರ ಹೆಂಡತಿಯರು ಮುಟ್ಟಾಗುವುದು, ಬಸುರಾಗುವುದು, ಹೆರುವುದು, ಮೊಲೆಯುಣಿಸುವುದು ಎಲ್ಲರ ಕಣ್ಣಿಗೂ ಕಾಣುತ್ತಿದೆ. ಹಾಗೆ ತಾಯ ಹೊಟ್ಟೆಯಿಂದಲೇ ಬಂದವರು ಬ್ರಹ್ಮನ ಬಾಯಿಂದ ಬಂದೆವು ಎನ್ನುತ್ತಿದ್ದಾರಲ್ಲ! ನಮ್ಮ ಬಳಗದ ಹಿರಿಯ ಸೂಲಗಿತ್ತಿ ಅಜ್ಜಿಗೆ ಇದನ್ನು ಓದಿ ಹೇಳಿದಾಗ ಅವರು ನಕ್ಕಿದ್ದು ಇನ್ನೂ ನೆನಪಿದೆ. "ಎಲ್ಲಾ ಜಾತಿ ಮಗೂನೂ ನನ್ನ ಕೈಗೆ ಒಂದೇ ದಾರೀಲಿ ಬಂದದ್ದು ಮೇಷ್ಟ್ರೇ" ಎಂದರು.

ಆಮೇಲೆ ಆ ಸುತ್ತ ಲೋಕ ಕುಗ್ಗುವ, ಮತ್ತೆ ಹಿಗ್ಗುವ ಬಹಳ ದೀರ್ಘ ಕಾಲದ ಕಥೆ ಹೇಳುತ್ತದೆ. ಮೊದಲ ಫಾರ್ವರ್ಡ್ ಬರೆದವರು ಹಿಡಿದುಕೊಂಡದ್ದು ಬಹುಶಃ ಈ ಕುಗ್ಗು ಹಿಗ್ಗಿನ ಮಾತನ್ನೇ. ಆದರೆ ಕಥೆ ಹೋಗುವ ದಿಕ್ಕು ಬೇರೆ. ಜೀವಿಗಳು, ಅವುಗಳ ಆಸೆ, ಅಕ್ಕಿಯ ಕೂಡಿಡುವಿಕೆ, ಹೊಲಕ್ಕೆ ಬೇಲಿ, ಕಳ್ಳತನ, ಅದನ್ನು ತಡೆಯಲು ಜನರೇ ಸೇರಿ ಒಬ್ಬನನ್ನು ಆರಿಸುವುದು, ಅವನೇ ಮಹಾಸಮ್ಮತ. ನಾಲ್ಕು ವರ್ಣಗಳು ಆದದ್ದು ಅದೇ ಜನರಿಂದ, ಬೇರೆ ಯಾರಿಂದಲೂ ಅಲ್ಲ ಎಂದು ಸುತ್ತ ಮತ್ತೆ ಮತ್ತೆ ಒತ್ತಿ ಹೇಳುತ್ತದೆ. ಇದು ಬ್ರಾಹ್ಮಣರ ಸೃಷ್ಟಿಕಥೆಯನ್ನು ಅಣಕಿಸುವ ಕಥೆ ಎಂದು ವಿದ್ವಾಂಸ ರಿಚರ್ಡ್ ಗೊಂಬ್ರಿಚ್ ಓದುತ್ತಾರೆ. ನನಗೂ ಅದೇ ಸರಿ ಎನಿಸುತ್ತದೆ. ಇದನ್ನು ಭೌತಶಾಸ್ತ್ರದ ಪಾಠವೆಂದು ಓದಿದರೆ ಅದರ ಮೊನೆಯೇ ಮುರಿದುಹೋಗುತ್ತದೆ.

ಬಾಬಾಸಾಹೇಬರ ಪರಿನಿಬ್ಬಾಣದ ನಂತರ, 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಯಾವುದು ಧಮ್ಮವಲ್ಲ ಎಂದು ವಿವರಿಸುವ ಭಾಗವಿದೆ. ಊಹಾಪೋಹದ ಮೇಲೆ ನಿಂತ ನಂಬಿಕೆ ಧಮ್ಮವಲ್ಲ ಎಂದು ಅಲ್ಲಿ ಹೇಳುವಾಗ, ಜಗತ್ತು ಹೇಗೆ ಹುಟ್ಟಿತು, ಶಾಶ್ವತವೇ ಎಂಬ ಪ್ರಶ್ನೆಗಳನ್ನೂ ಅವರು ಆ ಸಾಲಿಗೆ ಸೇರಿಸುತ್ತಾರೆ. ಅದೇ ಭಾಗದಲ್ಲಿ ಸೃಷ್ಟಿಕರ್ತನ ಬಗ್ಗೆ ಒಂದು ವಾದವಿದೆ, ಎಂಟನೇ ತರಗತಿಯ ಮಗುವಿಗೂ ಅರ್ಥವಾಗುವಂಥದ್ದು. ಈಶ್ವರ ಜಗತ್ತನ್ನು ಏನೂ ಇಲ್ಲದ್ದರಿಂದ ಮಾಡಿದನೋ, ಏನೋ ಒಂದರಿಂದ ಮಾಡಿದನೋ? ಏನೂ ಇಲ್ಲದ್ದರಿಂದ ಏನಾದರೂ ಆಗುತ್ತದೆಂದು ನಂಬುವುದು ಅಸಾಧ್ಯ. ಏನೋ ಒಂದರಿಂದ ಮಾಡಿದ ಎಂದರೆ ಆ ವಸ್ತು ಅವನಿಗಿಂತ ಮೊದಲೇ ಇತ್ತು, ಅದನ್ನು ಅವನು ಮಾಡಲಿಲ್ಲ ಎಂದಾಯಿತು. ಜಗತ್ತು ವಿಕಾಸವಾಗಿ ಬಂದದ್ದು, ಯಾರೋ ಸೃಷ್ಟಿಸಿದ್ದಲ್ಲ ಎಂಬುದು ಅವರ ನಿಲುವು. ಗಮನಿಸಿ, ಅವರು ತಳ್ಳಿಹಾಕಿದ್ದು ಮಾಡಿದವನನ್ನು. ಜಗತ್ತಿನ ಹುಟ್ಟಿದ ದಿನಾಂಕ ಹೇಳಲು ಹೋಗಲಿಲ್ಲ.

ಸೃಷ್ಟಿಕರ್ತನ ಮಾತು ಬಂದಾಗ ದೀಘ ನಿಕಾಯದ 11ನೇ ಸುತ್ತದ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಒಬ್ಬ ಭಿಕ್ಷುವಿಗೆ ಸಂಶಯ: ಭೂಮಿ, ನೀರು, ಬೆಂಕಿ, ಗಾಳಿ ಈ ನಾಲ್ಕೂ ಒಂದಿಷ್ಟೂ ಉಳಿಯದೆ ಎಲ್ಲಿ ಇಲ್ಲವಾಗುತ್ತವೆ? ದೇವಲೋಕದಿಂದ ದೇವಲೋಕಕ್ಕೆ ಹತ್ತಿ ಕೇಳುತ್ತಾನೆ. ಎಲ್ಲರೂ ನಮಗೆ ಗೊತ್ತಿಲ್ಲ, ಮೇಲಿನವರನ್ನು ಕೇಳು ಎಂದು ಕಳಿಸುತ್ತಾರೆ (ಸರ್ಕಾರಿ ಕಚೇರಿಯ ಟೇಬಲ್‌ಗಳ ಹಾಗೆ). ಕೊನೆಗೆ ಮಹಾಬ್ರಹ್ಮನೇ ಪ್ರತ್ಯಕ್ಷನಾಗಿ ನಾನೇ ಒಡೆಯ, ನಾನೇ ಸೃಷ್ಟಿಕರ್ತ, ಆದದ್ದಕ್ಕೂ ಆಗುವುದಕ್ಕೂ ತಂದೆ ಎನ್ನುತ್ತಾನೆ. ಭಿಕ್ಷು ಬಿಡುವುದಿಲ್ಲ. ನೀವು ಸೃಷ್ಟಿಕರ್ತರೇ ಎಂದು ನಾನು ಕೇಳಲಿಲ್ಲ, ನನ್ನ ಪ್ರಶ್ನೆ ಬೇರೆ ಎನ್ನುತ್ತಾನೆ. ಮೂರನೇ ಸಲಕ್ಕೆ ಬ್ರಹ್ಮ ಅವನ ತೋಳು ಹಿಡಿದು ಒಂದು ಪಕ್ಕಕ್ಕೆ ಕರೆದೊಯ್ಯುತ್ತಾನೆ. ನೋಡಪ್ಪಾ, ನನಗೆ ಗೊತ್ತಿಲ್ಲದ್ದೇ ಇಲ್ಲ ಎಂದು ಈ ದೇವತೆಗಳು ತಿಳಿದಿದ್ದಾರೆ, ಅದಕ್ಕೇ ಅವರ ಮುಂದೆ ಹೇಳಲಿಲ್ಲ. ನನಗೂ ಗೊತ್ತಿಲ್ಲ, ಹೋಗಿ ಬುದ್ಧರನ್ನೇ ಕೇಳು. ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಮೊದಲನೆಯದನ್ನು ಹೇಳುವಾಗಲೆಲ್ಲ ನನಗೆ ಈ ಬ್ರಹ್ಮ ನೆನಪಾಗುತ್ತಾನೆ.

ಇನ್ನು ವಿಜ್ಞಾನ. 1927ರಲ್ಲಿ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದರು. 1929ರಲ್ಲಿ ಎಡ್ವಿನ್ ಹಬಲ್ ಅದಕ್ಕೆ ಬೇಕಾದ ಅಳತೆಗಳನ್ನು ಪ್ರಕಟಿಸಿದರು. 1964ರಲ್ಲಿ ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ ಬಿಡದ ಒಂದು ಸದ್ದು ಕೇಳಿಬಂತು. ಪಾರಿವಾಳದ ಹಿಕ್ಕೆಯಿಂದಿರಬಹುದೆಂದು ಅದನ್ನೂ ಒರೆಸಿ ನೋಡಿದರು, ಸದ್ದು ಹೋಗಲಿಲ್ಲ. ವಿಶ್ವ ಒಂದು ಕಾಲಕ್ಕೆ ವಿಪರೀತ ಬಿಸಿಯಾಗಿ, ದಟ್ಟವಾಗಿ ಇದ್ದುದರ ಉಳಿಕೆ ಅದು. ಅಲ್ಲಿಂದ ಇಲ್ಲಿಗೆ ಸುಮಾರು 1380 ಕೋಟಿ ವರ್ಷ ಎಂಬುದು ಇವತ್ತಿನ ಲೆಕ್ಕ. ಆ ಬಿಸಿ ಸ್ಥಿತಿಗೆ ಮುಂಚೆ ಏನಿತ್ತು, 'ಮುಂಚೆ' ಎಂಬ ಮಾತಿಗೆ ಅಲ್ಲಿ ಅರ್ಥವಿದೆಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರು ಈ ವಿಜ್ಞಾನ ನಮ್ಮ ಸೃಷ್ಟಿಯ ನಂಬಿಕೆಗೆ ಸಾಕ್ಷಿ ಎಂಬ ಧಾಟಿಯಲ್ಲಿ ಮಾತಾಡಿದಾಗ ಅದು ಲೆಮೈತ್ರ್ ಅವರಿಗೆ ಹಿಡಿಸಲಿಲ್ಲ. ತಮ್ಮ ಸಿದ್ಧಾಂತವನ್ನು ಧರ್ಮದ ಪ್ರಶ್ನೆಯಿಂದ ಹೊರಗೇ ಇಡಬೇಕೆಂಬುದು ಅವರ ನಿಲುವು. ಪಾದ್ರಿಯೊಬ್ಬರು ಪೋಪ್ ಅವರ ಮಾತಿಗೂ ತಲೆದೂಗದೆ ತೋರಿಸಿದ ಈ ಎಚ್ಚರ ನಮ್ಮ ಫಾರ್ವರ್ಡ್‌ಗಳಲ್ಲಿ ಇಲ್ಲ. ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ್ ನಾರ್ಳೀಕರ್ ಅವರಂತೂ ಬಿಗ್ ಬ್ಯಾಂಗನ್ನೇ ಒಪ್ಪಲಿಲ್ಲ. ಗುರು ಫ್ರೆಡ್ ಹಾಯ್ಲ್ ಅವರ ಜೊತೆ ಬೇರೆ ಸಿದ್ಧಾಂತ ಕಟ್ಟಿದರು, 2025ರಲ್ಲಿ ತೀರಿಕೊಳ್ಳುವವರೆಗೂ ಜನಪ್ರಿಯ ಉತ್ತರವನ್ನು ಪ್ರಶ್ನಿಸುವುದನ್ನು ಬಿಡಲಿಲ್ಲ. ಬಹುಪಾಲು ವಿಜ್ಞಾನಿಗಳು ಅವರ ಜೊತೆಗಿಲ್ಲ, ಸಾಕ್ಷ್ಯ ಬಿಗ್ ಬ್ಯಾಂಗ್ ಕಡೆಗೇ ಇದೆ. ಆದರೂ ಜಗಳ ನಡೆದದ್ದು ಅಳತೆಗಳ ಮೇಲೆ. ಯಾರ ಗ್ರಂಥ ಹಳೆಯದು ಎಂಬುದರ ಮೇಲೆ ಅಲ್ಲ.

ಬುದ್ಧರು ಬಿಗ್ ಬ್ಯಾಂಗ್ ಹೇಳಿದ್ದರು ಎಂದು ಇವತ್ತು ಬೋರ್ಡು ಹಾಕಿಕೊಂಡೆವು ಎನ್ನಿ. ನಾಳೆ ಹೊಸ ದೂರದರ್ಶಕ ಬೇರೇನೋ ತೋರಿಸಿದರೆ ಧಮ್ಮವನ್ನು ತಿದ್ದುತ್ತೇವೆಯೇ? ಪುಷ್ಪಕ ವಿಮಾನ ತೋರಿಸಿ ವಿಮಾನ ನಮ್ಮದೇ ಎನ್ನುವವರನ್ನು ನೋಡಿ ನಗುವ ನಾವು ಅದೇ ಸಾಲಿನಲ್ಲಿ ಹೋಗಿ ನಿಲ್ಲುವುದು ಚೆನ್ನಾಗಿರುವುದಿಲ್ಲ.

ಮನೆಯಲ್ಲಿ ಮಕ್ಕಳು 'ಜಗತ್ತನ್ನು ಯಾರು ಮಾಡಿದ್ದು?' ಎಂದು ಕೇಳುತ್ತಾರೆ. ಏನು ಹೇಳಬೇಕು ಎಂದು ಬಳಗದ ತಾಯಂದಿರು ನನ್ನನ್ನು ಹಲವು ಸಲ ಕೇಳಿದ್ದಾರೆ. ಸಂಯುತ್ತ ನಿಕಾಯದಲ್ಲಿ ಮೋಲಿಯ ಫಗ್ಗುಣ ಎಂಬ ಭಿಕ್ಷು ಬುದ್ಧರನ್ನು 'ಯಾರು ಅನುಭವಿಸುತ್ತಾರೆ? ಯಾರು ಆಸೆಪಡುತ್ತಾರೆ?' ಎಂದು ಸಾಲಾಗಿ ಕೇಳುತ್ತಾನೆ. ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತಾರೆ ಬುದ್ಧರು. ಯಾರು ಎಂದು ಕೇಳಬೇಡ, ಯಾವ ಕಾರಣದಿಂದ ಎಂದು ಕೇಳು. ನಾನು ತರಗತಿಯಲ್ಲಿ ಪ್ರಶ್ನಾರ್ಥಕಗಳ ಪಾಠ ಮಾಡುವಾಗ ಇದನ್ನು ಹೇಳುತ್ತೇನೆ. 'ಯಾರು' ಎಂದ ತಕ್ಷಣ ಒಬ್ಬನನ್ನು ಆಗಲೇ ಒಳಗೆ ತಂದು ಕೂರಿಸಿಯಾಗಿರುತ್ತದೆ. ಮಗುವಿಗೆ ಆ ಒಂದು ಪದವನ್ನು 'ಹೇಗೆ' ಎಂದು ಬದಲಿಸಿ ಕೊಡಿ. ಆಮೇಲೆ ವಿಜ್ಞಾನದ ಪುಸ್ತಕ ಕೊಡಿಸಿ, ಸಾಧ್ಯವಾದರೆ ಬೆಂಗಳೂರಿಗೆ ಹೋದಾಗ ನೆಹರೂ ತಾರಾಲಯಕ್ಕೆ ಕರೆದುಕೊಂಡು ಹೋಗಿ.

ಈ ಭಾನುವಾರ ಅಗ್ಗಞ್ಞ ಸುತ್ತವನ್ನು ಮೊದಲಿನಿಂದ ಕೊನೆಯವರೆಗೆ ಓದೋಣ. ದೀಘ ನಿಕಾಯದ ಕನ್ನಡ ಅನುವಾದ ಇರುವವರು ತನ್ನಿ, ಇಲ್ಲದವರಿಗೆ ನಾನು ಜೆರಾಕ್ಸ್ ಮಾಡಿಸಿ ತರುತ್ತೇನೆ. ಸೂಲಗಿತ್ತಿ ಅಜ್ಜಿಯನ್ನು ಯಾರಾದರೂ ಗಾಡಿಯಲ್ಲಿ ಕರೆದುಕೊಂಡು ಬನ್ನಿ.

ನಮೋ ಬುದ್ಧಾಯ. ಜೈಭೀಮ್.